ಚಿತ್ರದ ಕೆಳಗಿನ ಹೆಸರು

"ಕಣ್ಣು ಹೆಂಗಿದ್ದೂವು, ಅದನ್ನ ಹೇಳು," ಅಂದ ಹುಲಿಗೆಪ್ಪ, ಕುಂಚವನ್ನು ಗಾಳಿಯಲ್ಲೇ ನಿಲ್ಲಿಸಿ.

"ನಾ ಏನು ಗೌಡಸಾನಿ ಕಣ್ಣಾಗ ಇಣಿಕಿ ನೋಡೀನೇನ್ರಿ?" ದುರಗವ್ವ ಒಲೆಯ ಮುಂದಿನಿಂದ ಏಳಲಿಲ್ಲ. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಜೋರಾಯಿತು. "ಆಕಿ ಹೊಲದಾಗ ಕಳೇ ತಗಿಯೂ ಮುಂದ ನಾವು ನೆಲಾ ನೋಡ್ತಿದ್ವಿ, ಆಕಿ ನಮ್ಮ ಬೆನ್ನ ನೋಡ್ತಿದ್ಲು. ಬೇಕಾರ ಕಾಲು ಹೆಂಗಿದ್ದೂವು ಕೇಳ್ರಿ, ಹೇಳ್ತೀನಿ. ಎಡಗಾಲ ಹೆಬ್ಬಟ್ಟು ಸೊಟ್ಟ ಇತ್ತು."

ಹುಲಿಗೆಪ್ಪ ನಕ್ಕ. ಅವನು ನಕ್ಕಿದ್ದಕ್ಕೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಗೋಡೆಗೆ ಆನಿಸಿದ ಹಾರ್ಡ್‌ಬೋರ್ಡಿನ ಮೇಲೆ ಶಲವಡಿಯ ಶಾರದವ್ವ ಗೌಡಸಾನಿ ಹೆಚ್ಚುಕಡಿಮೆ ಮುಗಿದು ಕೂತಿದ್ದಳು. ಇಳಕಲ್ ಸೀರೆಯ ಸೆರಗು ತಲೆಯ ಮೇಲಿತ್ತು. ಹಣೆಗೆ ಮೂರೆಳೆ ವಿಭೂತಿ, ಅದರ ಕೆಳಗೆ ಅಗಲ ಕುಂಕುಮ, ಕೊರಳಲ್ಲಿ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಕಣ್ಣಿರಬೇಕಾದ ಕಡೆ ಮಾತ್ರ ಎರಡು ಬರಿಯ ಮೈಬಣ್ಣದ ಕಲೆ. ಹುಲಿಗೆಪ್ಪನ ಬಳಿ ಇದ್ದ ಒಂದೇ ಒಂದು ಫೋಟೋದಲ್ಲಿ ಆಕೆಯ ಕಣ್ಣು ಮುಚ್ಚಿತ್ತು. ಬದುಕಿದ್ದಷ್ಟು ದಿನ, ಆಯುಷ್ಯ ಕಡಿಮೆಯಾಗುತ್ತದೆಂದು ಆಕೆ ಫೋಟೋದವನನ್ನು ಹತ್ತಿರ ಸೇರಿಸಿರಲಿಲ್ಲ. ಸತ್ತ ಮೇಲೆ, ಅವರ ಪದ್ಧತಿಯಂತೆ ಗೋಡೆಗೆ ಬೆನ್ನು ಕೊಟ್ಟು ಕೂರಿಸಿ, ತಲೆ ವಾಲದಂತೆ ಹಣೆಗೆ ಬಟ್ಟೆ ಪಟ್ಟಿ ಕಟ್ಟಿ ಮೊಳೆಗೆ ಬಿಗಿದು, ಅಣ್ಣಿಗೇರಿಯಿಂದ ಫೋಟೋದವನನ್ನು ಜೀಪಿನಲ್ಲಿ ಕರೆಸಿ ತೆಗೆಸಿದ್ದರು.

ಆ ಫೋಟೋ ಒಯ್ಯಲು ಮಗಳು ರೇವವ್ವ ಸ್ಟುಡಿಯೋಕ್ಕೆ ಬಂದಾಗ ಹುಲಿಗೆಪ್ಪ ಏಣಿಯ ಮೇಲೆ ನಿಂತು ಆ ಸ್ಟುಡಿಯೋದ್ದೇ ಬೋರ್ಡು ಬರೆಯುತ್ತಿದ್ದ. "ಕಣ್ಣು ತೆರದಿದ್ದು ಒಂದೂ ಇಲ್ಲೇನ್ರಿ? ಅವ್ವ ನಮ್ಮನ್ನ ನೋಡವಲ್ಲಳ್ರಿ," ಅಂತ ಆಕೆ ಒಳಗೆ ಅತ್ತಿದ್ದು ಕೇಳಿಸಿತು. ಏಣಿ ಇಳಿದವನೇ, "ನಾ ತಗದು ಕೊಡ್ತೀನ್ರಿ ಅಕ್ಕಾರ. ಏನೂ ಕೊಡೂದು ಬ್ಯಾಡ್ರಿ, ನನ್ನ ಕಡಿಂದ ಇರಲಿ," ಅಂದುಬಿಟ್ಟಿದ್ದ.

ದುರಗವ್ವನಿಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಈ 'ನನ್ನ ಕಡಿಂದ.' ಗಂಡನ ಅಪ್ಪ ಯಲ್ಲಪ್ಪ ಆ ಮನೆಯಲ್ಲಿ ಇಪ್ಪತ್ತೆರಡು ವರ್ಷ ಜೀತ ಮಾಡಿ, ಅವರ ಎತ್ತಿನ ಕೊಟ್ಟಿಗೆಯ ಬಾಗಿಲಲ್ಲೇ ಕುಸಿದು ಸತ್ತಿದ್ದ. ಅವರ ಕಡೆಯಿಂದ ಇವರಿಗೆ ಬಂದದ್ದು ಒಂದು ಮಾತು ಮಾತ್ರ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದ ಎಂಟು ವರ್ಷದ ಹುಲಿಗೆಪ್ಪನನ್ನು ನೋಡಿ ಶಾರದವ್ವ ಗಂಡನಿಗೆ, "ಈ ಹುಡುಗನ ಕೈಯಾಗ ಏನೋ ಐತಿ, ಇವನ ಶಾಲಿ ಬಿಡಸಬ್ಯಾಡ್ರಿ," ಅಂದಿದ್ದಳಂತೆ. ಆ ಮಾತಿನಿಂದ ಅವನು ಜೀತಕ್ಕೆ ಬೀಳದೆ ಉಳಿದ. ಏಳನೆಯ ಇಯತ್ತೆ ಮುಗಿಸಿ, ಹುಬ್ಬಳ್ಳಿಗೆ ಹೋಗಿ ಬೋರ್ಡು ಬರೆಯುವುದು ಕಲಿತ.

"ಒಂದು ಮಾತಿಗೆ ಎಷ್ಟು ವರ್ಷ ಕೈ ಮುಗೀತೀರಿ?" ಅಂದಳು ದುರಗವ್ವ. "ನಿಮ್ಮಪ್ಪಂದು ಒಂದರ ಚಿತ್ರ ತಗದೀರೇನು?"

"ಅಪ್ಪಂದು ಫೋಟೋ ಎಲ್ಲೈತಿ?"

"ಇಕಿದೂ ಕಣ್ಣು ಎಲ್ಲದಾವ?"

ಹುಲಿಗೆಪ್ಪ ಬೋರ್ಡಿನ ಆ ಎರಡು ಕಲೆಗಳ ಕಡೆ ನೋಡಿದ. ಕುಂಚವನ್ನು ಬಟ್ಟೆಗೆ ಒರೆಸಿ, ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತ. ಅವನ ಈ ಸುಮ್ಮನೆ ಕೂರುವುದು ಅವಳಿಗೆ ಹೊಸದಲ್ಲ. ಬೈದವರ ಮುಂದೆ, ಬೋರ್ಡು ಬರೆಸಿಕೊಂಡು ನಾಳೆ ಬಾ ಅಂದವರ ಮುಂದೆ ಅವನು ಹೀಗೇ ಕೂರುತ್ತಿದ್ದ. ಕೊನೆಯ ರೊಟ್ಟಿ ಹಂಚಿನಿಂದಿಳಿಸಿ ಅವಳು ಹಿಟ್ಟಿನ ಕೈ ತೊಳೆದುಕೊಂಡು ಬಂದು ಬೋರ್ಡಿನ ಮುಂದೆ ನಿಂತಳು.

"ಹೊಲಕ್ಕ ಬುತ್ತಿ ತರ್ತಿದ್ಲು," ಅಂದಳು. "ಮುಟ್ಟಬಾರದಂತ ಮ್ಯಾಲಿಂದ ಒಗೀತಿದ್ಲು ರೊಟ್ಟಿ. ಆದ್ರ ಎಣಿಸಿ ಒಗೀತಿರಲಿಲ್ಲ, ಅದನ್ನ ಸುಳ್ಳ ಹೇಳಬಾರದು. ಒಗದ ಮ್ಯಾಲ ಹಿಂಗ ನಿಂದ್ರತಿದ್ಲು." ಅವಳು ಸೊಂಟಕ್ಕೆ ಕೈಕೊಟ್ಟು ನಿಂತು ತೋರಿಸಿದಳು. "ಬಿಸಲಿಗೆ ಎಡಗಣ್ಣು ಸಣ್ಣಾಗತಿತ್ತು. ಹುಬ್ಬು ಒಂದೀಟ ಗಂಟು. ನೋಡಿದ್ರ ಸಿಟ್ಟಿಗೆದ್ದಾಳ ಅನಸ್ತಿತ್ತು. ಸಿಟ್ಟಲ್ಲ. ಯಾರು ಉಣ್ಣಲಿಲ್ಲ ಅಂತ ಹುಡಕೂದು ಅದು. ಸಿಕ್ಕ ಮ್ಯಾಲ ಅಲ್ಲೇ ನಿಲ್ತಿತ್ತು ಕಣ್ಣು, ಆ ಉಣ್ಣದಾಕಿ ಉಂಡು ಮುಗಿಸೂತನಾ."

ಹುಲಿಗೆಪ್ಪ ಸಣ್ಣ ಕುಂಚ ತೆಗೆದುಕೊಂಡಿದ್ದ.

"ನಾ ಚೊಚ್ಚಲ ಬಸರಿದ್ದಾಗ ಕಣ್ಣಿಗೆ ಕತ್ತಲಿ ಬಂದು ಬದುವಿನ ಮ್ಯಾಲ ಕುಂತೆ. ಬನ್ನಿಗಿಡದ ನೆರಳಿಗೆ ಕಳಿಸಿ, ಒಂದು ಹಿತ್ತಾಳಿ ಚರಿಗ್ಯಾಗ ಮಜ್ಜಿಗಿ ಇಟ್ಟು ಹೋದ್ಲು. ಆ ಚರಿಗಿ ವಾಪಸ್ ಒಯ್ಯಲಿಲ್ಲ. ನಾ ಮುಟ್ಟಿದ್ದು ಅಂತ ಬಿಟ್ಲೋ, ಇರಲಿ ಅಂತ ಕೊಟ್ಲೋ, ಇವತ್ತಿಗೂ ನನಗ ತಿಳಿದಿಲ್ಲ. ಹುಬ್ಬು ಇನ್ನೊಂದೀಟ ಇಳಸ್ರಿ. ಹಂಗಲ್ಲ. ಹಾಂ."

ಗೌಡಸಾನಿ ಬೋರ್ಡಿನಿಂದ ಸೀದಾ ಅವಳ ಕಡೆಗೇ ನೋಡಿದಳು. ದುರಗವ್ವನ ಕೈ ತನ್ನಷ್ಟಕ್ಕೆ ತಾನೇ ಮೇಲೆ ಹೋಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು. ಹಾಗೆ ಎಳೆದುಕೊಂಡದ್ದು ಗೊತ್ತಾಗಿ, ಅವಳು ಅದನ್ನು ಕೊಡವಿ ಕೆಳಗೆ ಬಿಟ್ಟಳು.

ಇನ್ನು ಉಳಿದದ್ದು ಹೆಸರು. ಅಣ್ಣಿಗೇರಿಯ ಅರ್ಧ ಅಂಗಡಿಗಳ ಬೋರ್ಡಿನ ಕೆಳಗಿನ ಮೂಲೆಯಲ್ಲಿ 'ಹುಲಿಗೆಪ್ಪ ಆರ್ಟ್ಸ್' ಅಂತ ಸಣ್ಣಗೆ ಇರುತ್ತಿತ್ತು. ಅದನ್ನು ಬರೆದ ಮೇಲೇ ಬೋರ್ಡು ಮುಗಿದ ಹಾಗೆ. ಅವನು ಬಿಳಿ ಬಣ್ಣ ಅದ್ದಿ ಮೂಲೆಗೆ ಬಗ್ಗಿದಾಗ ದುರಗವ್ವ ತಡೆದಳು.

"ಇದೇನು ಕಿರಾಣಿ ಅಂಗಡೀನ? ಆರ್ಟ್ಸ್ ಬ್ಯಾಡ. ನಿಮ್ಮ ಪೂರಾ ಹೆಸರು ಬರೀರಿ. ನಡುವ ನಿಮ್ಮಪ್ಪನ ಹೆಸರು ಬರಬೇಕು. ಇಪ್ಪತ್ತೆರಡು ವರ್ಷ ದುಡದಾರ, ಆ ಮನಿ ಒಳಗ ಒಂದಿನ ಕಾಲಿಟ್ಟಿಲ್ಲ. ಹೆಸರರ ಹೋಗಲಿ."

ಹುಲಿಗೆಪ್ಪ ಕುಂಚವನ್ನು ಮತ್ತೆ ಬಿಳಿಗೆ ಅದ್ದಿದ. ಆಮೇಲೆ ಬರೆದ. ಅವಳಿಗೆ ಓದು ಬಾರದು. ಯಾವುದು ಮಾವನ ಹೆಸರು ಅಂತ ಕೇಳಿ, ಅವನು ತೋರಿಸಿದ ಮೂರು ಅಕ್ಷರಗಳನ್ನು ಬೆರಳು ತಾಗಿಸದೆ ನೋಡಿದಳು.

*

ವರ್ಷದ ಪುಣ್ಯತಿಥಿಯ ದಿನ ಮುಂಜಾನೆಯ ಬಸ್ಸಿಗೆ ಅವರು ಅಣ್ಣಿಗೇರಿಯಿಂದ ಚಿತ್ರವನ್ನು ಒಗೆದ ಧೋತರದಲ್ಲಿ ಸುತ್ತಿಕೊಂಡು ಹೊರಟರು. ಚೌಕಟ್ಟು ಅಗಲವಾಗಿತ್ತು. ಇಬ್ಬರೂ ಎದುರುಬದುರು ಹಿಡಿದು ಬಾಗಿಲಲ್ಲಿ ಅಡ್ಡಲಾಗಿ ತೂರಿಸಿದರು.

"ಏನಿದು ಲಗೇಜು?" ಅಂದ ಕಂಡಕ್ಟರ್.

"ಶಲವಡಿ ಗೌಡಸಾನಿ ಅದಾಳ್ರಿ," ಅಂದಳು ದುರಗವ್ವ.

"ಗೌಡಸಾನಿಗೆ ಫುಲ್ ಟಿಕೀಟೋ, ಹಾಫೋ?"

"ಸತ್ತಾಕಿ ಅದಾಳ. ಈಗ ಆಕಿಗೆ ಯಾರ ಟಿಕೀಟು ಕೇಳೂದಿಲ್ಲ."

ಬಸ್ಸೆಲ್ಲ ನಕ್ಕಿತು. ಕಿಟಕಿಯ ಬಳಿ ಬಳೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಮೀರಬಿ ತನ್ನ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡು ಜಾಗ ಮಾಡಿದಳು. ದಾರಿಯುದ್ದಕ್ಕೂ, ಬಸ್ಸು ಕುಲುಕಿದಾಗೆಲ್ಲ, ಯಾರೂ ಹೇಳದಿದ್ದರೂ ಚೌಕಟ್ಟಿನ ಒಂದು ತುದಿಗೆ ತನ್ನ ಅಂಗೈ ಅಡ್ಡ ಕೊಡುತ್ತಿದ್ದಳು.

ಶಲವಡಿಯಲ್ಲಿ ಇಳಿದರೆ ಎದುರಿಗೇ ಶಾಲೆಯ ಗೋಡೆ. ಅದರ ಮೇಲೆ 'ಮಡಿವಾಳೆಪ್ಪ ಗೌಡರಿಗೇ ನಿಮ್ಮ ಮತ' ಅಂತ ಆಳೆತ್ತರದ ಅಕ್ಷರ. ವರ್ಷದ ಮೊದಲಲ್ಲಿ ಮಂಡಲ ಪಂಚಾಯತಿ ಚುನಾವಣೆಯಾದಾಗ ಶಾರದವ್ವನ ಮಗ ನಿಂತಿದ್ದ, ಗೆದ್ದಿದ್ದ. ಊರಿನ ಅಷ್ಟೂ ಗೋಡೆ ಬರೆದವನು ಹುಲಿಗೆಪ್ಪ. ಅವನು ಈಗ ಆ ಗೋಡೆಯ ಮುಂದೆ ಹೋಗುವಾಗ ತಿರುಗಿ, "ಮತ ಅನ್ನೂದರ ಮ ಇನ್ನಷ್ಟು ದುಂಡಗಾಗಬೇಕಿತ್ತು," ಅಂದ.

ಗೌಡರ ಮನೆಯ ಮುಂದೆ ಚಪ್ಪರ ಹಾಕಿದ್ದರು. ಒಳಗಿನಿಂದ ಗೋಧಿ ಹುಗ್ಗಿಯ ವಾಸನೆ ಬರುತ್ತಿತ್ತು. ಮಠದ ಅಜ್ಜಾರು ಮಧ್ಯಾಹ್ನಕ್ಕೆ ಬರುವವರಿದ್ದರು. ಗಂಡಹೆಂಡತಿ ಕಟ್ಟೆಯ ಕೆಳಗೆ ನಿಂತರು. ಹುಲಿಗೆಪ್ಪ ಚಿತ್ರವನ್ನು ಕಟ್ಟೆಯ ಮೇಲೆ ಕಂಬಕ್ಕೆ ಆನಿಸಿ ಧೋತರ ಬಿಚ್ಚಿದ.

ಮೊದಲು ಬಂದವಳು ರೇವವ್ವ. "ಅವ್ವಾ," ಅಂದವಳು ಅಲ್ಲೇ ನೆಲಕ್ಕೆ ಕೂತಳು. ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಅಳುತ್ತಲೇ ನಕ್ಕಳು. "ಹುಲಿಗೆಪ್ಪಣ್ಣ, ಈ ಕಣ್ಣು ನಿನಗ ಎಲ್ಲಿ ಸಿಕ್ಕೂವೋ?"

ಹುಲಿಗೆಪ್ಪ ಹೆಂಡತಿಯ ಕಡೆ ಕೈ ತೋರಿಸಿದ. ರೇವವ್ವ ದುರಗವ್ವನನ್ನು ನೋಡಿದಳು. ಎದ್ದು ಕಟ್ಟೆ ಇಳಿದು ಬಂದು, ಅವಳ ಮೊಣಕೈ ಹಿಡಿದು ಒಮ್ಮೆ ಒತ್ತಿದಳು. ಸ್ನಾನ ಮಾಡಿ ಮಡಿಯಲ್ಲಿದ್ದ ಹೆಂಗಸು ಬೀದಿಯಲ್ಲಿ ಎಲ್ಲರೆದುರು ಹಾಗೆ ಮುಟ್ಟಿದ್ದು ದುರಗವ್ವನಿಗೆ ಎಷ್ಟು ಹೊಸದೆಂದರೆ, ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು.

ಮುದುಕ ಹೊಳೆಪ್ಪಗೌಡರು ಕೋಲೂರಿಕೊಂಡು ಬಂದರು. ಹೆಂಡತಿಯ ಮುಂದೆ ಬಹಳ ಹೊತ್ತು ನಿಂತರು. "ಎರಡನೇ ಸಲ ಚಾ ಕೇಳಿದ್ರ ಹಿಂಗ ನೋಡ್ತಿದ್ಲು," ಅಂದರು ಕೊನೆಗೆ. ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದರು.

ಮಡಿವಾಳೆಪ್ಪ ಬಂದದ್ದು ಆಮೇಲೆ. ರೇಷ್ಮೆಯ ಶಲ್ಯ, ಕೈಯಲ್ಲಿ ಅಡಿಗೆಯವರ ಚೀಟಿ. ಹುಲಿಗೆಪ್ಪನಿಗಿಂತ ಐದು ವರ್ಷ ಸಣ್ಣವನು.

"ಭಾಳ ಛಲೋ ತಗದೀಲೇ ಹುಲಿಗ್ಯಾ. ಅಗದಿ ಅವ್ವನ ನೋಡಿದಂಗ ಆತು," ಅಂದ. ಹಿಂದೆ ಸರಿದು ನೋಡಿದ, ಮುಂದೆ ಬಂದು ನೋಡಿದ. ಆಮೇಲೆ ಬಗ್ಗಿ ಕೆಳಗಿನ ಮೂಲೆ ಓದಿದ. ಓದುವಾಗ ಅವನ ತುಟಿ ಅಲುಗಿದ್ದನ್ನು ದುರಗವ್ವ ಕಂಡಳು.

"ಒಂದು ಕೆಲಸ ಮಾಡು," ಅಂದ. ದನಿ ಮೆತ್ತಗೇ ಇತ್ತು. "ಈ ಕೆಳಗಿಂದಷ್ಟು ಒರಸಿಬಿಡು. ದೇವರ ಕೋಣಿ ಬಾಜೂಕ ಇಡೂದು ಇದು. ಅಜ್ಜಾರು ಬರ್ತಾರ, ಬೀಗರು ಬರ್ತಾರ. ವಿಭೂತಿ ಹಚ್ಚಿ ಕೈ ಮುಗಿಯೂ ಮಂದಿ ಕೆಳಗ ಇದನ್ನ ಓದಬೇಕೇನು? ನನಗೇನಿಲ್ಲಪಾ, ನಾ ಇಂಥಾವೆಲ್ಲಾ ನಂಬಾಂವಲ್ಲ. ಮಂದಿ ಬಾಯಿ. ಬೇಕಾರ ಒಂದು ಹೂವು ತಗಿ ಅದರ ಮ್ಯಾಲ. ಕಮಲದ ಹೂವು ತಗಿ, ಛಲೋ ಕಾಣ್ತದ."

ಹುಲಿಗೆಪ್ಪ ಬಗ್ಗಿ ಆ ಮೂಲೆಯನ್ನೇ ನೋಡಿದ.

"ಯಾವಾಗ್ಲೂ ಆರ್ಟ್ಸ್ ಅಂತ ಬರೀತೀಯಲ್ಲ, ಹಂಗ ಬರದಿದ್ರ ನಾನೂ ಸುಮ್ಮನಿರ್ತಿದ್ದೆ. ಅಪ್ಪನ ಹೆಸರು, ಅಡ್ಡಹೆಸರು, ಎಲ್ಲಾ ಹಾಕಿ ಇಟ್ಟೀಯಲ್ಲ! ರೇವವ್ವಾ, ಒಂದೀಟ ಚಿಮಣಿ ಎಣ್ಣಿ ತಾ, ಒಂದು ಅರಿವಿ ತಾ."

ರೇವವ್ವ ಒಳಗೆ ಹೋದಳು. ಬರಲು ಹೊತ್ತಾಯಿತು. ಬಂದಾಗ ಅವಳ ಕೈ ಬರಿದಾಗಿತ್ತು.

"ಎಣ್ಣಿ ತೀರೇತಿ," ಅಂದಳು.

ಅರ್ಧ ತೆರೆದ ಬಾಗಿಲ ಹಿಂದೆ ಸೀಮೆಎಣ್ಣೆಯ ಗಾಜಿನ ಸೀಸೆ ಕಾಣುತ್ತಿತ್ತು. ಅದರ ಬಾಯಿಯವರೆಗೂ ಎಣ್ಣೆ ಇರುವುದು ದುರಗವ್ವ ನಿಂತ ಕಡೆಯಿಂದಲೇ ಗೊತ್ತಾಗುತ್ತಿತ್ತು. ರೇವವ್ವ ಬಾಗಿಲಿಗೆ ಅಡ್ಡ ನಿಂತು ನೆಲ ನೋಡುತ್ತಿದ್ದಳು. ಮಡಿವಾಳೆಪ್ಪ ತಂಗಿಯನ್ನು ದುರುಗುಟ್ಟಿ ನೋಡಿದ.

"ಇರಲಿ, ಹುಲಿಗ್ಯಾನ ಹತ್ತರ ಬಣ್ಣ ಇರ್ತಾವ. ಸೀರಿ ಬಣ್ಣಾನ ಬಳದ್ರಾತು. ಜಲ್ದಿ ಮಾಡಲೇ, ಹೊತ್ತಾತು."

ಹುಲಿಗೆಪ್ಪ ಹೆಗಲ ಚೀಲದೊಳಗೆ ಕೈ ಹಾಕಿದ. ತಗಡಿನ ಡಬ್ಬಿ ಹೊರಗೆ ಬಂತು. ಮುಚ್ಚಳ ತೆಗೆದ. ಕುಂಚವನ್ನು ಎಡಗೈಗೆ ಒರೆಸಿಕೊಂಡು ಬಣ್ಣಕ್ಕೆ ಅದ್ದಿ, ಕಟ್ಟೆಯ ಅಂಚಿಗೆ ಮೊಣಕಾಲು ಕೊಟ್ಟು ಬಗ್ಗಿದ. ಅವನು ಅದೇ ಸುಮ್ಮನಿರುವ ಮುಖ ಹಾಕಿಕೊಂಡಿದ್ದ. ಆ ಮುಖ ನೋಡಿ ದುರಗವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಿಂದ್ರ್ರಿ," ಅಂದಳು.

ಇಬ್ಬರೂ ತಿರುಗಿದರು.

"ಗೌಡ್ರ, ಒಂದು ಮಾತು ಕೇಳ್ತೀನ್ರಿ. ಊರ ಗ್ವಾಡಿ ತುಂಬ ನಿಮ್ಮ ಹೆಸರು ಬರದಾವರು ಯಾರ್ರಿ? ಆಳೆತ್ತರ ಬರದಾರ. ಶಾಲಿ ಗ್ವಾಡಿಗೆ ಬರದಾರ, ಚಾವಡಿಗೆ ಬರದಾರ. ಅವಾಗ ಈ ಕೈ ನಡೀತು. ಇಲೆಕ್ಷನ್ ಮುಂದ ಈ ಊರಾಗಿನ ನಮ್ಮ ಓಣಿಗೆ ಬಂದು, ನಮ್ಮ ಮಂದಿ ಮನಿ ಕಪ್ಪಿನ್ಯಾಗ ಚಾ ಕುಡದ್ರಿ. ಬಸಿಗೆ ಹಾಕಿ ಕುಡದ್ರಿ, ಎಲ್ಲಾರೂ ನೋಡ್ಲೆಂತ. ಅವಾಗ ಮಂದಿಗೆ ಬಾಯಿ ಇದ್ದಿಲ್ಲೇನ್ರಿ?"

"ಏ, ಹೆಣ್ಣುಮಕ್ಕಳು ನಡುವ ಮಾತಾಡಬ್ಯಾಡ್ರಿ. ಹುಲಿಗ್ಯಾ, ಆಕಿಗೆ ಹೇಳು."

"ಇದರಾಗ ಕಣ್ಣು ನಂದ್ರಿ ಗೌಡ್ರ. ನಿಮ್ಮ ಅವ್ವ ಹೊಲದಾಗ ನಮ್ಮನ್ನ ನೋಡಿದ ನೋಟ ಅದು. ನಿಮಗ ಯಾರಿಗೂ ನೆನಪಿಲ್ಲದ್ದು ನನಗ ನೆನಪಿತ್ತು, ಹೇಳೀನಿ, ಇವ್ರು ತಗದಾರ. ಹೆಸರು ಬ್ಯಾಡಂದ್ರ ಕಣ್ಣೂ ಬ್ಯಾಡ. ಮುಚ್ಚಿಬಿಡ್ತೇವಿ. ಫೋಟೋದಾಗ ಹೆಂಗಿತ್ತು, ಹಂಗ ಇರಲಿ."

"ಬ್ಯಾಡ!" ಅಂದಳು ರೇವವ್ವ ಬಾಗಿಲಿನಿಂದ. ಆ ಕೂಗಿಗೆ ಒಳಗಿನ ಹೆಂಗಸರೆಲ್ಲ ಬಾಗಿಲಿಗೆ ಬಂದರು.

ಮಡಿವಾಳೆಪ್ಪನ ಮೆತ್ತನೆಯ ದನಿ ಈಗ ಹೋಗಿತ್ತು. "ಯಾರ ಬರೀ ಅಂದ್ರಲೇ ಇದನ್ನ? ನಿಮ್ಮಪ್ಪನ ಹೆಸರು ನನ್ನ ಮನಿಯಾಗ ಯಾಕ ಬೇಕು?"

"ನಾನ ಬರೀ ಅಂದೆ. ನಿಮಗ ಓದಾಕ ತ್ರಾಸಾಗತಿದ್ರ ನಾ ಹೇಳ್ತೀನಿ ಕೇಳ್ರಿ." ದುರಗವ್ವ ಒಂದು ಹೆಜ್ಜೆ ಮುಂದೆ ಬಂದಳು. "ಹುಲಿಗೆಪ್ಪ. ಯಲ್ಲಪ್ಪ. ಚಲವಾದಿ."

ಬಾಗಿಲಲ್ಲಿ ನಿಂತ ಹೆಂಗಸರು ಬಾಯಿಗೆ ಕೈಯಿಟ್ಟುಕೊಂಡರು. ಗಂಡನ ಹೆಸರನ್ನು ಯಾವ ಹೆಂಗಸೂ ಹಾಗೆ ಹೇಳುವುದಿಲ್ಲ. ಮದುವೆಯ ದಿನ ಗೆಳತಿಯರು ಬಾಗಿಲು ಅಡ್ಡಗಟ್ಟಿದಾಗ, ದುರಗವ್ವ ಒಂದು ಒಡಪು ಕಟ್ಟಿ, ಅದರ ಪ್ರಾಸದ ನಡುವೆ ಅಡಗಿಸಿ, ಒಮ್ಮೆ ಹೇಳಿದ್ದಳು. ಆಮೇಲೆ ಹದಿನಾರು ವರ್ಷ, ರೇಷನ್ ಕಾರ್ಡಿನ ಗುಮಾಸ್ತ ಕೇಳಿದಾಗಲೂ ಪಕ್ಕದವರಿಂದ ಹೇಳಿಸಿದ್ದಳು. ಈಗ ಒಡಪಿಲ್ಲ, ನಾಚಿಕೆಯಿಲ್ಲ. ಮಾವನ ಹೆಸರನ್ನೂ ಸೇರಿಸಿ, ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ ಬಿಡಿಬಿಡಿಯಾಗಿ ಕೂಗಿದ್ದಳು.

ಹುಲಿಗೆಪ್ಪ ಕುಂಚ ಹಿಡಿದವನು ಹಾಗೇ ಅವಳನ್ನು ನೋಡಿದ. ಎಲ್ಲೋ ದೂರದಿಂದ ಯಾರೋ ಕರೆದದ್ದು ಕೇಳಿಸಿದವನ ಹಾಗೆ ನೋಡಿದ. ಕುಂಚದ ತುದಿಯಿಂದ ಸೀರೆಯ ಕೆಂಪು ಒಂದು ಹನಿ ಕಟ್ಟೆಯ ಕಲ್ಲಿಗೆ ಬಿತ್ತು.

ಅವನು ಎದ್ದು ನಿಂತ. ಕುಂಚವನ್ನು ಬಟ್ಟೆಗೆ ಒರೆಸಿದ, ನಿಧಾನವಾಗಿ, ಎರಡೂ ಮಗ್ಗುಲು. ಡಬ್ಬಿಯ ಮುಚ್ಚಳ ಒತ್ತಿ ಹಾಕಿದ.

"ಗೌಡ್ರ," ಅಂದ. ಅವನ ದನಿ ಅಷ್ಟು ಗಟ್ಟಿ ಇರುವುದು ದುರಗವ್ವನಿಗೂ ಗೊತ್ತಿರಲಿಲ್ಲ. "ಕಣ್ಣು ಮುಚ್ಚೂದು ನನ್ನ ಕೈಲೆ ಆಗೂದಿಲ್ಲ. ಹೆಸರು ಒರಸೂದೂ ಆಗೂದಿಲ್ಲ. ಅವ್ವಾರ ಸಲುವಾಗಿ ತಗದೀನಿ, ಅವ್ವಾರ ಮನಿಗೆ ಕೊಟ್ಟೀನಿ. ಒರಸಬೇಕಂದ್ರ ನೀವ ಒರಸ್ಕೋರಿ. ನಿಮ್ಮ ಕೈಲೆ."

"ಬ್ಯಾಡಪಾ ನಿನ್ನ ಚಿತ್ರ, ಒಯ್ಯಿ."

"ಕೊಟ್ಟದ್ದು ವಾಪಸ್ ಒಯ್ಯೂ ರೂಢಿ ನಮ್ಮ ಮನಿಯಾಗ ಇಲ್ರಿ."

ಅವನು ಧೋತರ ಮಡಿಸಿ ಹೆಗಲಿಗೆ ಹಾಕಿಕೊಂಡ. ಚಿತ್ರದ ಮುಂದೆ ಒಮ್ಮೆ ಕೈ ಮುಗಿದು, ತಿರುಗಿ ನಡೆದ. ದುರಗವ್ವ ಅವನ ಹಿಂದೆ ಹೋದಳು. ಬೆನ್ನ ಹಿಂದೆ ಮಡಿವಾಳೆಪ್ಪ ಏನೋ ಕೂಗಿದ. 'ಸೊಕ್ಕು' ಅನ್ನುವುದೊಂದೇ ಕಿವಿಗೆ ಬಿತ್ತು.

ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗಿನಿಂದ ಗೌಡರ ಮನೆಯ ಮುಂಭಾಗ ನೇರವಾಗಿ ಕಾಣುತ್ತಿತ್ತು. ಇಬ್ಬರೂ ಕಲ್ಲಿನ ಮೇಲೆ ಕೂತರು. ಹುಲಿಗೆಪ್ಪ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುವಿ ಅವಳಿಗೆ ಕೊಟ್ಟ.

"ಇನ್ನೊಮ್ಮೆ ಹೇಳ ನೋಡೂಣು," ಅಂದ.

"ಏನು?"

"ಅದ, ಹೆಸರು."

"ಸುಮ್ಮ ಕುಂಡ್ರ್ರಿ. ಬಾಯಿ ಜಾರಿ ಬಂತು," ಅಂದಳು. ನೀರು ಕುಡಿಯುವಾಗ ನಗು ಬಂದು ಅರ್ಧ ನೀರು ಸೀರೆಗೆ ಚೆಲ್ಲಿತು. ನಗುತ್ತಿದ್ದಂತೆಯೇ ಮತ್ತೆ ಸಿಟ್ಟು ಉಕ್ಕಿತು. ದೇವರ ಕೋಣೆಯ ಬಾಜು ಹೂವಿನ ಚಿತ್ರ ಬೇಕಂತೆ, ಹೂವು!

ಚಿತ್ರ ಇನ್ನೂ ಕಂಬಕ್ಕೆ ಆನಿಸಿದಂತೆಯೇ ಇತ್ತು, ಬೀದಿಯ ಕಡೆಗೆ ಮುಖ ಮಾಡಿ. ಯಾರೂ ಎತ್ತಿರಲಿಲ್ಲ. ಮಡಿವಾಳೆಪ್ಪ ಹೊರಗೆ ಬಂದು ಅದರ ಮುಂದೆ ನಿಂತ, ಒಳಗೆ ಹೋದ, ಮತ್ತೆ ಬಂದ. ಕೈ ಮುಂದೆ ಚಾಚಿ, ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಅಷ್ಟರಲ್ಲಿ ಅಜ್ಜಾರ ಜೀಪು ಧೂಳೆಬ್ಬಿಸುತ್ತ ಬಂದು ಚಪ್ಪರದ ಮುಂದೆ ನಿಂತಿತು. ಜನ ಓಡಿದರು. ಮಡಿವಾಳೆಪ್ಪನೂ ಶಲ್ಯ ಸರಿಮಾಡಿಕೊಂಡು ಓಡಿದ.

ಆಗ ಮುದುಕ ಹೊಳೆಪ್ಪಗೌಡರು ಕೋಲೂರುತ್ತ ಹೊರಗೆ ಬಂದರು. ಜೀಪಿನ ಕಡೆ ತಿರುಗಲಿಲ್ಲ. ಚಿತ್ರದ ಬಳಿ ನಿಂತು ಹೆಗಲ ಮೇಲಿನ ಟವೆಲ್ ತೆಗೆದರು. ಗೌಡಸಾನಿಯ ಮುಖದ ಮೇಲೆ ಕೂತ ಧೂಳು ಒರೆಸಿದರು. ಸೆರಗು ಒರೆಸಿದರು, ಕರಡಿಗೆ ಒರೆಸಿದರು. ಟವೆಲ್ ಕೆಳಗಿಳಿಯುತ್ತ ಮೂಲೆಗೆ ಬಂತು. ದುರಗವ್ವ ಬಾಟಲಿಯನ್ನು ಬಿಗಿಯಾಗಿ ಹಿಡಿದಳು. ಮುದುಕನ ಕೈ ಅಲ್ಲಿ ಮಿಕ್ಕ ಕಡೆಗಿಂತ ತುಸು ಮೆಲ್ಲಗೆ, ಎಡದಿಂದ ಬಲಕ್ಕೆ ಒಂದೇ ಸಲ ಹಾದುಹೋಯಿತು. ಬಿಸಿಲಿಗೆ ಹೆಸರಿನ ಬಿಳಿಯ ಅಕ್ಷರಗಳು ಮಿನುಗಿದವು.

ಅವರು ಟವೆಲನ್ನು ಝಾಡಿಸಿ ಮತ್ತೆ ಹೆಗಲಿಗೆ ಹಾಕಿಕೊಂಡರು. ಚಿತ್ರದ ಮಗ್ಗುಲಲ್ಲಿ, ಹೊರಗಿನ ಕಟ್ಟೆಯ ಮೇಲೆ, ಬಾಗಿಲ ದಾರಿಗೆ ಅಡ್ಡಲಾಗಿ, ಎರಡೂ ಕೈ ಕೋಲಿನ ಮೇಲಿಟ್ಟುಕೊಂಡು ಕೂತರು. ಜೀಪಿನಿಂದ ಇಳಿದವರು ಒಳಗೆ ಹೋಗಲು ದಾರಿಯಿಲ್ಲದೆ ಅವರ ಮುಂದೆ ನಿಂತಿದ್ದರು.